ಆಫ್ಕೆ ಬಾಗಿಲು ತೆಗೆದದ್ದು

ಆಫ್ಕೆ ಹೂಕ್ಸ್‌ಮಾಳನ್ನು ನೋಡಿದವರು ಈಕೆ ಒಂದು ಪಂದ್ಯವನ್ನೂ ಗೆದ್ದಿಲ್ಲವೆಂದರೆ ನಂಬುವುದಿಲ್ಲ. ಅಷ್ಟು ಗಟ್ಟಿ ಹೆಂಗಸು. ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಹಳ್ಳಿಗಳಲ್ಲಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹಾಲಿನ ಟ್ಯಾಂಕರ್ ಓಡಿಸುವುದು ಅವಳ ಹೊಟ್ಟೆಪಾಡು. ಅಕ್ಟೋಬರ್ ಬಂತೆಂದರೆ ಸಂಜೆಗಳೆಲ್ಲ ಐಸಿನ ಮೇಲಿನ ಸ್ಕೇಟಿಂಗಿನ ಪಾಲು. ಹೆಂಗಸರ ದೂರದ ಓಟ, ಎಲ್ಲರೂ ಒಟ್ಟಿಗೇ ಹೊರಟು, ಸುತ್ತಿನ ಮೇಲೆ ಸುತ್ತು ಹಾಕಿ, ಯಾರ ಸ್ಕೇಟು ಮೊದಲು ಗೆರೆ ದಾಟುತ್ತದೋ ಅವಳು ಗೆದ್ದಳು. ಆಫ್ಕೆಯ ಸ್ಕೇಟು ಎಂದೂ ಮೊದಲು ದಾಟಿರಲಿಲ್ಲ. ದಾಟುವುದು ಅವಳ ಕೆಲಸವೂ ಆಗಿರಲಿಲ್ಲ ಬಿಡಿ.

ಅವಳ ಕೆಲಸಕ್ಕೆ ಅಲ್ಲಿನವರು ಕ್ನೆಖ್ಟ್ ಅನ್ನುತ್ತಾರೆ. ಆಳು ಎಂದು ಅರ್ಥ. ಹೆಂಗಸರಿಗೆಂದು ಬೇರೆ ಶಬ್ದ ಹುಡುಕುವ ಗೋಜಿಗೂ ಯಾರೂ ಹೋಗಿಲ್ಲ. ತಂಡಕ್ಕೆ ಒಬ್ಬಳು ನಾಯಕಿ ಇರುತ್ತಾಳೆ. ಆಳಾದವಳು ಅವಳ ಮುಂದೆ ಓಡಿ ಗಾಳಿಯನ್ನೆಲ್ಲ ತನ್ನ ಎದೆಗೆ ತೆಗೆದುಕೊಳ್ಳಬೇಕು, ಅವಳನ್ನು ಬೆನ್ನ ಹಿಂದೆ ಸುಖವಾಗಿ ಇಟ್ಟುಕೊಳ್ಳಬೇಕು. ಕೊನೆಯ ತಿರುವಿನಲ್ಲಿ ತಾನು ಹೊರಗಡೆಗೆ ಸರಿದು ಒಳಗಡೆ ದಾರಿ ಬಿಡಬೇಕು. ನಾಯಕಿ ಆ ಸಂದಿಯಲ್ಲಿ ನುಗ್ಗಿ ಗೆಲ್ಲುತ್ತಾಳೆ. ಸ್ಕೇಟಿಂಗಿನವರ ಬಾಯಲ್ಲಿ ಇದು ಬಾಗಿಲು ತೆಗೆಯುವುದು. ಆಫ್ಕೆಯಷ್ಟು ಚೆನ್ನಾಗಿ ಬಾಗಿಲು ತೆಗೆಯುವವರು ಇಡೀ ಪ್ರಾಂತ್ಯದಲ್ಲಿ ಇನ್ನೊಬ್ಬರಿರಲಿಲ್ಲ. ಅವಳ ಬೆನ್ನ ಹಿಂದಿನಿಂದ ಗೆದ್ದು ಹೆಸರು ಮಾಡಿ, ಮದುವೆಯಾಗಿ, ಆಟ ಬಿಟ್ಟವರೇ ಎಷ್ಟೋ ಮಂದಿ. ಈಗಿನ ನಾಯಕಿ ಮರೀಟ್ ಇನ್ನೂ ಕಾಲೇಜು ಓದುವ ಹುಡುಗಿ.

ಆ ವರ್ಷ ಚಳಿಗಾಲ ಶುರುವಾಗುವ ಹೊತ್ತಿಗೆ ಆಫ್ಕೆಯ ಮೊಣಕಾಲು ಕೈಕೊಡತೊಡಗಿತ್ತು. ಭಾನುವಾರ ತಾಯಿಯ ಮನೆಯಲ್ಲಿ ಬಟಾಣಿ ಸೂಪು ಕುಡಿಯುತ್ತಾ ಸುದ್ದಿ ಹೇಳಿದಳು.

"ಮೆಮ್, ಇದೇ ಕೊನೇ ಸಲ. ಮಾರ್ಚ್ ಆದ್ಮೇಲೆ ಸ್ಕೇಟು ಮೊಳೆಗೆ ನೇತಾಕ್ತೀನಿ."

ಅಲ್ಲಿ ಅಮ್ಮನಿಗೆ ಮೆಮ್ ಅನ್ನುತ್ತಾರೆ. ತಾಯಿ ಬೌಕ್ಯೆಯದು ಹರಿತವಾದ ನಾಲಿಗೆ. "ಆಳಾಗಿ ದುಡಿದದ್ದು ಸಾಕಾಯ್ತಾ? ಅದೂ ಸಂಬಳ ಇಲ್ದಿರೋ ಆಳು!"

"ಒಂದೇ ಒಂದು ಸಲ ಗೆಲ್ಬೇಕು ಅಂತಿದೆ. ನಗಬೇಡ."

ಬೌಕ್ಯೆ ನಗಲಿಲ್ಲ. ಸೂಪಿನ ಪಾತ್ರೆಯಿಂದ ದೊಡ್ಡ ಸಾಸೇಜ್ ತುಂಡನ್ನು ಹುಡುಕಿ ಮಗಳ ತಟ್ಟೆಗೆ ಹಾಕಿದಳು. "ಹಾಗಾದ್ರೆ ತಿನ್ನು" ಅಂದಳು.

ಹೇಳಿದ್ದೇನೋ ಸರಿ, ಆದರೆ ಆಳಿಗೆ ಗೆಲ್ಲುವ ಸರದಿ ಬರುವುದೆಲ್ಲಿಂದ? ನವೆಂಬರ್, ಡಿಸೆಂಬರ್ ಎಲ್ಲ ಮರೀಟಳಿಗೆ ಬಾಗಿಲು ತೆಗೆಯುವುದರಲ್ಲೇ ಕಳೆಯಿತು. ಜನವರಿಯ ಒಂದು ಓಟದ ದಿನ ಮರೀಟ್ ಜ್ವರ ಬಂದು ಮಲಗಿದಳು. ತರಬೇತುದಾರ ಡೌವೆ ಕಿವಿ ಕೆರೆದುಕೊಳ್ಳುತ್ತಾ, "ಇವತ್ತು ನಾಯಕಿ ಇಲ್ಲ ಕಣಮ್ಮ. ನಿನಗೋಸ್ಕರ ನೀನೇ ಓಡು" ಎಂದ. ಆಫ್ಕೆ ಸ್ಕೇಟು ಬಿಗಿದುಕೊಂಡು ಗೆರೆಗೆ ಬಂದಳು.

ಎಂಥ ಓಟ ಓಡಿದಳು ಅಂತೀರಿ! ಅರ್ಧಕ್ಕಿಂತ ಹೆಚ್ಚು ಜನ ಅವಳ ವೇಗಕ್ಕೆ ತತ್ತರಿಸಿ ಹಿಂದೆ ಉಳಿದರು. ಕೊನೆಯ ಸುತ್ತಿನ ಗಂಟೆ ಹೊಡೆದಾಗ ಅವಳೇ ಮುಂದು. ಅವಳ ಹಿಂದೆ ಎದುರು ತಂಡದ ನೀಂಕೆ, ಉಸಿರು ಕಟ್ಟಿಕೊಂಡು ಹೇಗೋ ಅಂಟಿಕೊಂಡಿದ್ದಾಳೆ. ಇನ್ನೊಂದೇ ತಿರುವು. ಗೆದ್ದಳು ಎಂದೇ ಎಲ್ಲರೂ ಎದ್ದು ನಿಂತರು. ಆ ತಿರುವಿನಲ್ಲಿ ಆಫ್ಕೆ ನೀಟಾಗಿ ಹೊರಗಡೆಗೆ ಸರಿದು ಬಾಗಿಲು ತೆಗೆದಳು. ಯಾರಿಗೆ? ಹಾಸಿಗೆಯಲ್ಲಿ ಮಲಗಿದ್ದ ಮರೀಟಳಿಗೆ! ತೆರೆದ ಬಾಗಿಲಲ್ಲಿ ನೀಂಕೆ ನುಗ್ಗಿ ಗೆದ್ದುಬಿಟ್ಟಳು.

ಡೌವೆ ಟೋಪಿ ಕಿತ್ತು ನೆಲಕ್ಕೆ ಬಡಿದ. "ಯಾರಿಗೆ ದಾರಿ ಬಿಟ್ಟೆ ಮಹಾತಾಯಿ? ಹಿಂದೆ ಯಾರಿದ್ರು?"

"ನಾನು ಬಿಡ್ಲಿಲ್ಲ. ಕಾಲು ಬಿಟ್ಟಿತು" ಅಂದಳು ಆಫ್ಕೆ. ಅದು ನಿಜವೇ.

ಊರಿಗೆ ಇಷ್ಟು ಸಿಕ್ಕರೆ ಸಾಲದೇ? ಅವಳು ಟ್ಯಾಂಕರ್ ತಂದು ನಿಲ್ಲಿಸಿದಲ್ಲೆಲ್ಲ ರೈತರು ಕೊಟ್ಟಿಗೆಯ ಬಾಗಿಲು ಹಿಡಿದು, ಬಗ್ಗಿ, "ದಯಮಾಡಿಸಿ, ತಾವು ಮೊದಲು" ಅನ್ನುವರು. ಬೇಕರಿಯಲ್ಲಿ ಸಕ್ಕರೆ ಬ್ರೆಡ್ ಕಟ್ಟಿಕೊಡುವವಳೂ ಕಿಸಕ್ಕನೆ ನಕ್ಕಳು. ಆಫ್ಕೆ ಎಲ್ಲರ ಜೊತೆ ತಾನೂ ನಕ್ಕಳು. ಮನೆಗೆ ಬಂದು, ಗಂಡ ರಿನ್ಸೆ ಕುರಿಗಳ ಹತ್ತಿರ ಹೋದ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಸೋತದ್ದಕ್ಕಲ್ಲ. ತನ್ನ ಕಾಲೂ ತನ್ನದಲ್ಲವಲ್ಲ ಎಂದು ಸಂಕಟ.

ಮಾರ್ಚಿನಲ್ಲಿ ಕೊನೆಯ ಓಟ. ಅಷ್ಟರೊಳಗೆ ಮರೀಟ್ ಇಡೀ ಋತುವಿನ ಅಂಕಪಟ್ಟಿಯಲ್ಲಿ ಯಾರ ಕೈಗೂ ಸಿಗದಷ್ಟು ಮುಂದೆ ಹೋಗಿದ್ದಳು. ಸ್ಕೇಟು ಬಿಗಿಯುತ್ತಾ ಕೂತಿದ್ದ ಆಫ್ಕೆಯ ಪಕ್ಕ ಬಂದು ಕೂತಳು.

"ಇವತ್ತು ನಾನು ನಿನ್ನ ಹಿಂದೇನೇ ಇರ್ತೀನಿ. ಬಾಗಿಲು ತೆಗೆದ್ರೂ ಒಳಗೆ ಬರೋಳಲ್ಲ ನಾನು."

"ತಲೆಗಿಲೆ ಕೆಟ್ಟಿದೆಯೇನೇ? ನೀನು ನಾಯಕಿ."

"ಹೌದಲ್ಲ, ಅದಕ್ಕೇ ಹೇಳ್ತಿದ್ದೀನಿ. ನಾಯಕಿ ಹೇಳಿದ ಮಾತು ಆಳು ಕೇಳ್ಬೇಕು. ಬಾಗಿಲು ಮುಚ್ಚಿಟ್ಕೋ."

ಆಫ್ಕೆ ಕಟ್ಟಿದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಓಟ ಶುರುವಾದ ಮೇಲೆ ಅವಳಿಗೆ ಭಯವಿರಲಿಲ್ಲ. ಗಾಳಿ ಎದೆಗೆ ಬಡಿಯುವುದು, ಐಸು ಸ್ಕೇಟಿನಡಿ ಕರಕರ ಅನ್ನುವುದು, ಇವು ಅವಳ ನಿತ್ಯದ ಊಟವಿದ್ದ ಹಾಗೆ. ಒಬ್ಬೊಬ್ಬರಾಗಿ ಹಿಂದುಳಿದರು. ಗಂಟೆ ಹೊಡೆದಾಗ ಮುಂದೆ ಆಫ್ಕೆ, ಬೆನ್ನಿಗೆ ಮರೀಟ್. ಮರೀಟಳ ಎಡಪಕ್ಕದಲ್ಲಿ, ತಿರುವಿನ ಒಳಗಡೆಗೆ, ನೀಂಕೆ ತೂರಿಕೊಂಡು ಬರುತ್ತಿದ್ದಳು. ಹೊರಗಿನಿಂದ ಸುತ್ತುಹಾಕಿ ಮುಂದೆ ಹೋಗುವಷ್ಟು ಕಸುವು ಅವಳಲ್ಲಿತ್ತು. ಆದರೆ ಆ ಕಷ್ಟ ಯಾಕೆ? ಜನವರಿಯಲ್ಲಿ ಕಂಡದ್ದು ಅವಳಿಗೆ ಮರೆತಿರಲಿಲ್ಲ. ಆಫ್ಕೆ ಹೇಗೂ ಹೊರಗೆ ಸರಿಯುತ್ತಾಳೆ, ತೆರೆದ ತಕ್ಷಣ ಮರೀಟಳಿಗಿಂತ ಮೊದಲು ತಾನು ನುಗ್ಗಿದರಾಯಿತು ಎಂದು ಕಾದಳು.

ಕೊನೆಯ ತಿರುವು ಬಂತು. ಆಫ್ಕೆಯ ಬಲಗಾಲು ಹೊರಗಡೆಗೆ ಎಳೆಯಿತು. ಬೇಡ ಬೇಡವೆಂದರೂ ಎಳೆಯಿತು. ಹಿಂದೆ ಉಸಿರಿನ ಸದ್ದು ಕೇಳುತ್ತಿದೆ, ಅದು ಮರೀಟಳ ಉಸಿರೇ, ಹಿಂದೆ ನಾಯಕಿ ಇದ್ದಾಗ ದಾರಿ ಬಿಡದೆ ಇರುವುದು ಹೇಗೆ? ಅವಳ ಭುಜ ವಾಲತೊಡಗಿತು.

"ನಾನಿಲ್ಲ!" ಎಂದು ಮರೀಟ್ ಗಂಟಲು ಹರಿಯುವಂತೆ ಕಿರುಚಿದಳು. "ಆಫ್ಕೆ, ನಾನಿಲ್ಲ ಇಲ್ಲಿ! ಯಾರೂ ಇಲ್ಲ!"

ಆಫ್ಕೆ ಹಲ್ಲು ಕಚ್ಚಿ ಎಡಕ್ಕೆ ವಾಲಿದಳು, ಒಳಗಿನ ಅಂಚು ಬಿಡದೆ ಸುತ್ತಿದಳು. ಬಾಗಿಲು ತೆರೆಯಲಿಲ್ಲ. ತೆರೆಯುತ್ತದೆಂದು ಕಾದಿದ್ದ ನೀಂಕೆಗೆ ಮುಂದೆ ಸಂದಿಯಿಲ್ಲ, ಪಕ್ಕದಲ್ಲಿ ಜಾಗವಿಲ್ಲ. ಬಗ್ಗಿದ್ದವಳು ನೆಟ್ಟಗೆ ಎದ್ದು ನಿಲ್ಲಬೇಕಾಯಿತು. ಮತ್ತೆ ಬಗ್ಗಿ ಹೊರಗಿನಿಂದ ಅಟ್ಟಿಸಿಕೊಂಡು ಬಂದಳು ಪಾಪ, ಆದರೆ ಓಟ ಮುಗಿದುಹೋಗಿತ್ತು.

ಆಫ್ಕೆ ಮೊಣಕಾಲಿನ ಮೇಲೆ ಕೈಯೂರಿ ಜಾರುತ್ತಾ ಹೋದಳು. ಮರೀಟ್ ಪಕ್ಕಕ್ಕೆ ಬಂದಾಗ ಏದುಸಿರಿನಲ್ಲೇ ಕೇಳಿದಳು.

"ಯಾರು ಗೆದ್ರು? ನೀನಾ?"

ಮರೀಟ್ ಅವಳ ಮುಖವನ್ನೇ ನೋಡಿದಳು. ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು. "ಮಂಕೇ, ನಿನ್ನ ಮುಂದೆ ಯಾರಾದ್ರೂ ಇದ್ರಾ?"

ಆಫ್ಕೆ ಯೋಚಿಸಿದಳು. ನಿಜವಾಗಿಯೂ ನೆನಪು ಮಾಡಿಕೊಂಡಳು.

"ಇರ್ಲಿಲ್ಲ" ಅಂದಳು.

"ಮತ್ತೆ?"

ಆಫ್ಕೆ ಇದ್ದಲ್ಲೇ ಕುಸಿದು ಕೂತು, ಊರೆಲ್ಲ ನೋಡುತ್ತಿದೆ ಎಂಬ ನಾಚಿಕೆಯೂ ಇಲ್ಲದೆ, ಬಾಯಿಬಿಟ್ಟು ಅತ್ತಳು. ಬೌಕ್ಯೆ ಕಟಕಟೆಯ ಮೇಲಿಂದ ಬಗ್ಗಿ, ಮೂಗು ಒರೆಸಿಕೊಳ್ಳುತ್ತಾ, "ಏಳೇ, ಐಸ್ ಮೇಲೆ ಕೂತ್ರೆ ಶೀತ ಆಗುತ್ತೆ!" ಎಂದು ಗದರಿದಳು. ಆಮೇಲೆ ಪಕ್ಕದಲ್ಲಿದ್ದ, ಗುರುತುಪರಿಚಯವಿಲ್ಲದ ಒಬ್ಬನ ತೋಳು ಹಿಡಿದು ಅಲುಗಾಡಿಸಿ, "ಅವಳು ನನ್ನ ಮಗಳು" ಅಂದಳು.