ಜ್ವರದ ಕಡ್ಡಿಯ ಎಂಜಲು

ಕೇಳಿ ಗೆಳತಿಯರೇ, ಕೋಲಾರದ ಆಸ್ಪತ್ರೆಯಲ್ಲಿ ಇವತ್ತು ಬೆಳಿಗ್ಗೆ ಒಂದು ಕಡ್ಡಿಗಾಗಿ ಜಗಳವಾಯಿತು. ನನ್ನ ಪಕ್ಕದ ಮಂಚದಲ್ಲಿರುವ ನಂಗಲಿಯ ಅಜ್ಜಿಗೂ ನನ್ನಂತೆಯೇ ಚಳಿಜ್ವರ. ಜ್ವರ ನೋಡುವ ಗಾಜಿನ ಕಡ್ಡಿ ಕಂಡದ್ದೇ ಸಿಡಿದರು. "ಊರೋರೆಲ್ಲಾ ಚೀಪಿದ್ದು ನನ್ ಬಾಯಿಗಾ? ಸತ್ರೂ ಸರಿ, ಎಂಜಲು ಮುಟ್ಟಲ್ಲ!"

"ಹಾಗಾದ್ರೆ ಮನೆಗೆ ಹೋಗಮ್ಮ" ಎಂದು ಡಾಕ್ಟರು ರೇಗಿ ಹೊರಟುಹೋದರು. ಯುದ್ಧದ ಈ ದಿನಗಳಲ್ಲಿ ಹೊರಗೆ ಚಳಿಜ್ವರದ ಮದ್ದು ಕ್ವಿನೈನ್ ಎಲ್ಲಿ ಸಿಗಬೇಕು? ಮನೆಗೆ ಹೋದರೆ ಅಜ್ಜಿಯ ಕಥೆ ಅಷ್ಟೇ.

ನರ್ಸ್ ಗ್ರೇಸಮ್ಮ ವಾದಕ್ಕಿಳಿಯಲಿಲ್ಲ. "ನೀವು ಹೇಳೋದೇ ಸರಿ ಅವ್ವಾ. ಒಬ್ಬರ ಎಂಜಲು ಇನ್ನೊಬ್ಬರಿಗೆ ಆಗಬಾರ್ದು ಅಂತ್ಲೇ ನಮಗೂ ಕಲ್ಸಿರೋದು. ಕಂಕುಳಲ್ಲಿ ಇಟ್ಕೊಳ್ಳಿ" ಎಂದರು. ಕಡ್ಡಿ ಜಾರದಂತೆ ಅಜ್ಜಿಯ ತೋಳು ಹಿಡಿದು ಕುಳಿತು, ಊರಲ್ಲಿ ಬಿಟ್ಟುಬಂದ ಹಸುವಿನ ಸಮಾಚಾರವನ್ನೆಲ್ಲ ಅಜ್ಜಿಯ ಮನೆಮಾತಾದ ತೆಲುಗಿನಲ್ಲೇ ಕೇಳಿದರು. ಏಳುವಾಗ ಅಜ್ಜಿಯೇ ಅವರ ಕೈ ಬಿಡಲಿಲ್ಲ. "ಸಾಯಂತ್ರಾನೂ ನೀನೇ ಬಾ ತಲ್ಲೀ."

ಎಂಥ ಹೆಂಗಸು! ಅಜ್ಜಿಯ ಮಡಿ ಕಂಡು ಅಷ್ಟು ಹೊತ್ತೂ ಮುಸಿಮುಸಿ ನಕ್ಕವಳು ನಾನು, ಓದಿದ ಮೇಡಮ್ಮ. ಗ್ರೇಸಮ್ಮ ಅದೇ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ನನ್ನತ್ತ ತಿರುಗಿದಾಗ ಬಾಯಿ ತೆರೆದೆ. ಅಜ್ಜಿಯ ಕಂಕುಳು ನೆನಪಾಯಿತು.

"ಸಿಸ್ಟರ್, ನಂಗೂ ಕಂಕುಳಲ್ಲೇ ಇಡಿ!"