ಹನ್ನೊಂದು ಬಾದಾಮಿ

ನೆನೆಸಿಟ್ಟ ಬಾದಾಮಿ ಹನ್ನೊಂದು. ಸಿಪ್ಪೆ ಬಿಡಿಸಿ, ಕಲ್ಲಿನ ಮೇಲೆ ನುಣ್ಣಗೆ ಅರೆದು, ದೊಡ್ಡ ಲೋಟದ ಹಾಲಿಗೆ ಕದಡಿ, ಐದೂವರೆಗೆ ತಮ್ಮನ ಕೈಗೆ ಕೊಡಬೇಕು. ಅರೆಯುವವಳು ನಾನು. ಕುಡಿಯುವವನು ಅವನು, ಏಕೆಂದರೆ ಅವನು ಗರಡಿ ಮನೆಗೆ ಹೋಗುತ್ತಿದ್ದ.

ಅರವತ್ತರ ದಶಕದ ಮೊದಲ ವರ್ಷಗಳ ಒಂದು ಬೇಸಿಗೆ ಅದು. ಮೈಸೂರಿನಲ್ಲಿ ಬಿ.ಎ. ಎರಡನೇ ವರ್ಷ ಮುಗಿಸಿ ದಾವಣಗೆರೆಯ ಮನೆಗೆ ಬಂದಿದ್ದೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಡೆಯುವುದು ದೊಡ್ಡಪ್ಪನ ಮಾತು. ಅವರು ಅರಳೆ ವ್ಯಾಪಾರಿ, ಗರಡಿಯ ಪೋಷಕರು. ಸಂಜೆ ಜಗಲಿಯ ಮೇಲೆ ಕೂತು, ಮಂಡಕ್ಕಿಯ ಜೊತೆ ಎಣ್ಣೆ ಜಿನುಗುವ ಮೆಣಸಿನಕಾಯಿ ಬಜ್ಜಿ ಮುಗಿಸುತ್ತ ಓಣಿಯ ಹುಡುಗರಿಗೆ ಆರೋಗ್ಯ ಬೋಧಿಸುತ್ತಿದ್ದರು.

"ಎಣ್ಣೆ ತಿಂಡಿ ಮುಟ್ಟಬ್ಯಾಡ್ರಲೇ. ದಿನಾ ನೂರು ಬಸ್ಕಿ ಹೊಡೀರಿ."

ಅವರೇ ಚಪ್ಪಲಿ ಮೆಟ್ಟಲು ಗೋಡೆ ಹಿಡಿಯಬೇಕಿತ್ತು.

ತಮ್ಮನ ವ್ಯಾಯಾಮ ನಡೆಯುತ್ತಿದ್ದುದು ನಮ್ಮದೇ ಗೋದಾಮಿನಲ್ಲಿ. ಅರಳೆ ಮೂಟೆಗಳ ಮೇಲೆ ಏಳರವರೆಗೆ ಮಲಗಿ, ಗರಡಿಯ ಕೆಂಪು ಮಣ್ಣನ್ನು ಭುಜಕ್ಕೆ ಬಳಿದುಕೊಂಡು ಬರುತ್ತಿದ್ದ. ಕೂದಲಲ್ಲಿ ಅರಳೆ ಸಿಕ್ಕಿರುತ್ತಿತ್ತು. ಅಮ್ಮ ಅವನಿಗೆ ದೃಷ್ಟಿ ತೆಗೆಯುತ್ತಿದ್ದಳು. ಈ ಗುಟ್ಟು ಬಲ್ಲವಳು ನಾನೊಬ್ಬಳೇ.

ಹೆಂಗಸರು ಉಣ್ಣುವುದು ಗಂಡಸರೆಲ್ಲ ಎದ್ದ ಮೇಲೆ. ಅಷ್ಟು ಹೊತ್ತಿಗೆ ಪಲ್ಯದ ಪಾತ್ರೆ ತಳ ಕಂಡಿರುತ್ತಿತ್ತು, ಹಾಲಿನ ಮಾತೇ ಇಲ್ಲ. ಮೇ ಕೊನೆಯ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಹರಿಹರದ ಚಿಕ್ಕಮ್ಮ ಅಲ್ಲಿನ ಲೇಡಿ ಡಾಕ್ಟರ ಬಳಿ ಕರೆದೊಯ್ದಳು. ಅವರು ನನ್ನ ಕೆಳರೆಪ್ಪೆ ಎಳೆದು ನೋಡಿದರು.

"ರಕ್ತ ಇಲ್ಲ. ಹಾಲು, ಸೊಪ್ಪು, ಕಾಳು ತಿನ್ನಬೇಕು. ಬೆಳಗ್ಗೆ ನಡೀಬೇಕು. ಮನೇಲಿ ಇದಕ್ಕೇನು ಕೊರತೆ?"



ಸಂಜೆ ಅಮ್ಮ ಬಾಗಿಲ ಮರೆಯಿಂದ ದೊಡ್ಡಪ್ಪನಿಗೆ ವಿಷಯ ತಿಳಿಸಿದಳು.

"ಓದಿ ಓದಿ ರಕ್ತ ಸುಟ್ಟೈತೆ," ಎಂದರು ಅವರು, ಬಾಯಲ್ಲಿದ್ದುದನ್ನು ನುಂಗಿ. "ಈ ಮೈ ಇಟ್ಕೊಂಡು ಮೈಸೂರು ಯಾಕ? ಕಾಲೇಜು ತೆರೆಯೋದ್ರಾಗ ಮುಖಕ್ಕೆ ಕಳೆ ಬಂದ್ರೆ ಹೋಗಲಿ. ಇಲ್ಲಾಂದ್ರೆ ಬ್ಯಾಡ."

"ಹಾಲು ಕೊಡಬೇಕಂತ್ರಿ."

"ಬಾದಾಮಿ ಹಾಲು ಕೊಡೋಣೇನು? ಕುಸ್ತಿಗೆ ಇಳೀತಾಳಾ ಅವಳು?"

ತಮ್ಮ ನಕ್ಕ. "ಇಳೀ ಅಕ್ಕಾ, ಒಂದೇ ಪಟ್ಟಿಗೆ ಕೆಡವ್ತೀನಿ."

ಅವನ ಕಿವಿಯ ಹಿಂದೆ ಬೆಳಗಿನ ಅರಳೆ ಇನ್ನೂ ಇತ್ತು. ಕಾಲೇಜು ತೆರೆಯಲು ನಾಲ್ಕು ವಾರ ಉಳಿದಿತ್ತು. ಆ ಇಬ್ಬರು ಕುಸ್ತಿಪಟುಗಳ ಕೈಯಲ್ಲಿ ನನ್ನ ಪದವಿ ಸಿಕ್ಕಿಕೊಂಡಿತ್ತು.

ಮರುದಿನ ಬೆಳಗ್ಗೆ ಐದಕ್ಕೆ ಎದ್ದು ಹನ್ನೊಂದು ಬಾದಾಮಿಯನ್ನು ಎಂದಿನಂತೆ ಅರೆದೆ. ಹಾಲಿಗೆ ಕದಡಿ, ಒಲೆಯ ಮುಂದೆ ನಿಂತು ಕುಡಿದೆ. ಲೋಟ ತೊಳೆದು ಬೋರಲು ಹಾಕಿದೆ. ತಮ್ಮ ಕಣ್ಣುಜ್ಜುತ್ತ ಬಂದ.

"ನನ್ನ ಹಾಲೆಲ್ಲಿ ಅಕ್ಕಾ?"

ಅವನ ಕೈಗೆ ಬಾಚಣಿಗೆ ಕೊಟ್ಟೆ. "ಗೋದಾಮಿನಿಂದ ಬರುವಾಗ ತಲೆ ಬಾಚ್ಕೊಂಡು ಬಾ. ಅರಳೆ ಕಾಣ್ತೈತೆ."

ಅವನು ಮತ್ತೆ ಹಾಲು ಕೇಳಲಿಲ್ಲ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ರೈಲ್ವೆ ಸ್ಟೇಷನ್ನಿನವರೆಗೆ ನಡೆದು ಹೋಗಿ, ನಡೆದೇ ಬಂದೆ.