ಸೋದರಳಿಯನ ಎಡಗಡೆ

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅಲ್ಲಿ ಹಬೆಯ ಇಸ್ತ್ರಿ ಯಂತ್ರದ ಮುಂದೆ ನಿಂತು ತಲೆಗೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯನನ್ನು ಎಲ್ಲರೂ ಇಸ್ತ್ರಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಶಾಲೆಗೆ ಹೋದದ್ದಕ್ಕಿಂತ ತಪ್ಪಿಸಿಕೊಂಡದ್ದೇ ಹೆಚ್ಚಾಗಿದ್ದ ಇವರು ಮೇಷ್ಟ್ರಾದದ್ದು ಫುಟ್‌ಬಾಲಿನ ದೆಸೆಯಿಂದ. ಆಸ್ಪತ್ರೆ ನೌಕರರ ತಂಡಕ್ಕೆ ಇವರೇ ಕೋಚ್. ತಂಡ ಎಂದರೆ ವಾರ್ಡಿನವರು, ಅಡುಗೆಮನೆಯವರು, ಆಂಬ್ಯುಲೆನ್ಸ್ ಓಡಿಸುವವರು. ಪಾಳಿ ಮುಗಿಸಿ ಆಕಳಿಸುತ್ತಲೇ ಮೈದಾನಕ್ಕೆ ಬರುವ ಜನ. ಟ್ರೋಫಿ ಹೇಗಿರುತ್ತದೆಂದು ಅವರು ನೋಡಿದ್ದು ಬೇರೆಯವರ ಕೈಯಲ್ಲಿ.

ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ. ಪಾಸು ತಪ್ಪಿದವನ ಏಳು ತಲೆಮಾರನ್ನೂ ಜಾಲಾಡಿಬಿಡುತ್ತಿದ್ದರು. ಆದರೆ ಆಟ ವಿವರಿಸಲು ಕೂತರೆ ಬೇರೆಯೇ ಮನುಷ್ಯ. ಬಟ್ಟೆ ಮಡಿಸುವ ಉದ್ದನೆಯ ಮೇಜಿನ ಮೇಲೆ ಸೋಪಿನ ತುಂಡುಗಳನ್ನು ಜೋಡಿಸಿ, ಒಂದೊಂದನ್ನೇ ಸರಿಸುತ್ತ, ಎಷ್ಟು ಸಲ ಕೇಳಿದರೂ ಬೇಸರಿಸದೆ ಹೇಳಿಕೊಡುತ್ತಿದ್ದರು.

ಆ ವರ್ಷ ಅವರ ತಂಡ ಹೇಗೋ ಏಳುತ್ತ ಬೀಳುತ್ತ ಫೈನಲ್ ತಲುಪಿತು. ಎದುರಾಳಿ ಕೋಲ್ಡ್ ಸ್ಟೋರೇಜ್ ಕಂಪನಿಯ ತಂಡ. ಅವರದ್ದೊಂದು ವಿಚಿತ್ರ ಆಟ: ಹತ್ತೂ ಜನ ಗೋಲಿನ ಮುಂದೆ ಠಿಕಾಣಿ ಹೂಡಿಬಿಡುವುದು. ತಾವು ಆಡುವುದಿಲ್ಲ, ಇನ್ನೊಬ್ಬರನ್ನು ಆಡಗೊಡುವುದಿಲ್ಲ. ಎದುರಿನವರು ಬೇಸತ್ತು ಎಲ್ಲರೂ ಮುಂದೆ ನುಗ್ಗಿದಾಗ ಒಂದೇ ಉದ್ದನೆಯ ಒದೆತ, ಒಂದು ಗೋಲು. ಹಿಂದಿನ ಎರಡು ವರ್ಷವೂ ಆಸ್ಪತ್ರೆಯವರು ಹೀಗೆಯೇ ಅವರಿಗೆ ಸೋತಿದ್ದರು.

"ಬಸ್ಸಲ್ಲಿ ಸೀಟು ಹಿಡಿದು ಕೂತವರನ್ನ ನೂಕಿದ್ರೆ ಏಳ್ತಾರೇನ್ರೋ?" ಎಂದು ಮೇಷ್ಟ್ರು ಸೋಪು ಸರಿಸುತ್ತ ಕೇಳಿದರು. "ಇನ್ನೂ ಗಟ್ಟಿಯಾಗಿ ಕೂರ್ತಾರೆ. ಆ ಕಡೆ ಕಿಟಕಿ ಸೀಟು ಖಾಲಿ ಇದೆ ಅಂತ ಆಸೆ ತೋರಿಸಬೇಕು. ಎದ್ರೋ, ನಾವು ಕೂತ್ವಿ. ಈ ಕಡೆ ಸುಮ್ನೆ ನಾಲ್ಕು ಪಾಸು ಮಾಡಿ. ಅವರೆಲ್ಲ ಈ ಕಡೆ ಜರುಗ್ತಾರೆ. ತಟ್ಟನೆ ಚೆಂಡು ಆ ಕಡೆಗೆ. ಆಗ ಹಿಂದಿನಿಂದ ಒಬ್ಬ ನುಗ್ಗಬೇಕು."

ಹೇಳುವುದು ಸುಲಭ. ಆ ಹತ್ತು ಜನರ ನಟ್ಟನಡುವೆ ಒಬ್ಬನಿದ್ದ. ಎತ್ತರದ ಆಳು, ಎಲ್ಲರೂ ಕಂಬ ಎಂದು ಕರೆಯುತ್ತಿದ್ದರು. ಯಾರು ಎಲ್ಲಿಂದ ನುಗ್ಗಿದರೂ ಅವನು ಅಲ್ಲಿರುತ್ತಿದ್ದ. ಅವನು ಮೇಷ್ಟ್ರ ಒಡಹುಟ್ಟಿದ ಅಕ್ಕನ ಮಗ.

ಬರೀ ಅಕ್ಕನ ಮಗ ಎಂದರೆ ಕಡಿಮೆಯಾದೀತು. ಭಾವ ತೀರಿಕೊಂಡಾಗ ಅವನಿನ್ನೂ ತೊದಲುತ್ತಿದ್ದ. ಅಕ್ಕ ಕೆಲಸಕ್ಕೆ ಹೋದರೆ ಅವನು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಚ್ಚಗಿನ ಹಾಸುಬಟ್ಟೆಗಳ ರಾಶಿಯ ಮೇಲೆ ನಿದ್ದೆ ಮಾಡುತ್ತಿದ್ದ. ಮದುವೆಯ ಗೋಜಿಗೇ ಹೋಗದ ಮೇಷ್ಟ್ರಿಗೆ ಮಗ ಅಂತ ಇದ್ದರೆ ಅವನೇ. ಆರನೇ ವಯಸ್ಸಿನಲ್ಲಿ ಅವನ ಎಡಗಿವಿ ಸೋರತೊಡಗಿತು. ಇವತ್ತು ರಜೆ ಸಿಗಲಿಲ್ಲ, ನಾಳೆ ಕರೆದುಕೊಂಡು ಹೋದರಾಯಿತು ಎಂದು ಅಕ್ಕ ದಿನ ದೂಡಿದಳು. ಕೊನೆಗೆ ಆ ಕಿವಿ ಪೂರ್ತಿ ಹೋಯಿತು. ತನ್ನಿಂದಲೇ ಹೋಯಿತು ಎಂಬ ಕೊರಗು ಅವಳನ್ನು ಬಿಡಲಿಲ್ಲ. ಮೂವರೂ ಆ ಮಾತನ್ನು ಹೊರಗೆ ಆಡಲಿಲ್ಲ.

ಅವನಿಗೆ ಚೆಂಡು ಕಲಿಸಿದವರು ಮೇಷ್ಟ್ರೇ. ಗೋಲಿನ ಮುಂದೆ ನಿಂತು ಕಾಯುವವನಿಗೆ ಕಾಲಿನಷ್ಟೇ ಕಿವಿಯೂ ಬೇಕು. ಬೆನ್ನ ಹಿಂದೆ ಯಾರು ಬಂದರೆಂದು ಗೋಲ್‌ಕೀಪರ್ ಕೂಗಿ ಹೇಳುತ್ತಿರುತ್ತಾನೆ. "ಕಿವಿಯ ಕೆಲಸ ಕುತ್ತಿಗೆಗೆ ಕೊಡು ಮಗಾ. ತಿರುಗಿ ನೋಡ್ತಾನೇ ಇರು," ಎಂದು ಮೇಷ್ಟ್ರು ಕಲಿಸಿದರು. ಅವನು ಕಲಿತ. ಆ ಆಟ ನೋಡಿಯೇ ಕಂಪನಿ ಅವನಿಗೆ ಕೆಲಸ ಕೊಟ್ಟು, ಸರಕು ಎತ್ತುವ ಗಾಡಿಯ ಮೇಲೆ ಕೂರಿಸಿತು. ತಪಾಸಣೆಯ ದಿನ ಡಾಕ್ಟರು ಬಲಗಡೆಯೇ ಕುರ್ಚಿ ಹಾಕಿಕೊಂಡಿದ್ದರಿಂದ ಎಡಗಿವಿಯ ಗುಟ್ಟು ಹೊರಬೀಳಲಿಲ್ಲ. ಅವತ್ತು ಸಂಜೆ ಅಕ್ಕ ಅತ್ತುಬಿಟ್ಟಳು, ಸಂತೋಷಕ್ಕೆ.

ಫೈನಲ್ ದಿನ ಅರ್ಧ ಆಟ ಮುಗಿದರೂ ಗೋಲಿಲ್ಲ. ಚೆಂಡು ಪೂರ್ತಿ ಆಸ್ಪತ್ರೆಯವರ ಕಾಲಲ್ಲೇ ಇತ್ತು, ಆದರೆ ಪ್ರತಿ ಸಲವೂ ಕಂಬನ ತಲೆಗೋ ಎದೆಗೋ ಬಡಿದು ವಾಪಸಾಗುತ್ತಿತ್ತು. ಬೇಲಿಯಾಚೆ ನಿಂತವರು ನಗುತ್ತಿದ್ದರು. ನೀರು ಕುಡಿಯುತ್ತ ಆಂಬ್ಯುಲೆನ್ಸ್ ಡ್ರೈವರು ಅಂದ, "ಮೇಷ್ಟ್ರಿಗೇನು, ಯಾರು ಗೆದ್ರೂ ಮನೆಯವರೇ. ಸೋದರಳಿಯ ಅಂತ ಮೆತ್ತಗಾಗಿದ್ದಾರೆ."

ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಸೋಲಿಗೆ ಅವರು ಹೆದರಿದವರಲ್ಲ, ಸೋತು ಸೋತು ರೂಢಿಯಾಗಿತ್ತು. ಆದರೆ ಆಟಕ್ಕೆ ಮೋಸ ಮಾಡಿದ ಎಂಬ ಮಾತನ್ನು ಅವರು ತಡೆದುಕೊಳ್ಳಲಾರರು. ಇನ್ನೊಂದೂ ಇತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ: ಅವರಿಗೆ ದಾರಿ ಕಂಡಿತ್ತು. ಮೊದಲ ಹತ್ತು ನಿಮಿಷದಲ್ಲೇ ಕಂಡಿತ್ತು. ಕಂಡ ದಾರಿಯನ್ನು ಕಾಣದ ಹಾಗೆ ಕೂರುವುದು ಅವರ ಜಾಯಮಾನವಲ್ಲ.

"ಚೆಂಡನ್ನ ಅವನ ಎಡಗಡೆಗೆ ಒಯ್ಯಿರಿ, ಮೂಲೆ ತನಕ," ಎಂದರು. ದನಿ ಸಣ್ಣದಾಗಿತ್ತು. "ಅವನು ಆ ಕಡೆ ತಿರುಗ್ತಾನೆ. ಆಗ ಅಡುಗೆಯವನು ಅವನ ಬೆನ್ನ ಹಿಂದೆ ನುಗ್ಗಲಿ. ಈಗಲ್ಲ, ಕೊನೇ ಅರ್ಧ ಗಂಟೆಯಲ್ಲಿ. ದಣಿದ ಮೇಲೆ ಅವನು ತಿರುಗಿ ನೋಡೋದು ಕಮ್ಮಿ ಮಾಡ್ತಾನೆ."

"ಕೀಪರ್ ಕೂಗಿ ಹೇಳಲ್ವಾ ಮೇಷ್ಟ್ರೇ?"

"ಕೂಗ್ಲಿ ಬಿಡು."

ಒಂದೇ ಒಂದು ಗೋಲು, ಯಾರಿಗೂ ಗೊತ್ತಾಗುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ಹೇಳಿದ ಹಾಗೆಯೇ ಆಯಿತು. ಚೆಂಡು ಎಡಮೂಲೆಗೆ ಹೋಯಿತು. ಕಂಬ ಅತ್ತ ತಿರುಗಿದ. ಕೇಳಿಸದ ಕಿವಿ ಗೋಲಿನ ಕಡೆಗಾಯಿತು. "ಹಿಂದೆ ನೋಡೋ" ಎಂದು ಕೀಪರ್ ಗಂಟಲು ಹರಿಯುವಂತೆ ಕೂಗಿದ್ದು ಮೈದಾನಕ್ಕೆಲ್ಲ ಕೇಳಿಸಿತು. ಅವನೊಬ್ಬ ಕದಲಲಿಲ್ಲ. ಅಡುಗೆಯವನು ಬೆನ್ನ ಹಿಂದಿನಿಂದ ಬಂದು ಚೆಂಡನ್ನು ಸುಮ್ಮನೆ ಒಳಗೆ ತಳ್ಳಿದ. ತಂಡದವರು ರುಚಿ ಹತ್ತಿದ ಬೆಕ್ಕಿನಂತೆ ಮತ್ತೆ ಅಲ್ಲಿಗೇ ಹೋದರು. ಮೇಷ್ಟ್ರು ಗೆರೆಯ ಪಕ್ಕ ಎದ್ದು ನಿಂತು "ಸಾಕು, ಆ ಕಡೆ ಬೇಡ" ಎಂದು ಕೈಬೀಸಿದರು. ಯಾರೂ ಅವರತ್ತ ನೋಡಲಿಲ್ಲ. ಎರಡನೇ ಗೋಲೂ ಅದೇ ರೀತಿ ಆಯಿತು.

ಕೀಪರ್ ಓಡಿಬಂದು ಕಂಬನ ಎದೆಗೆ ಕೈಹಾಕಿದ. "ಎಷ್ಟು ಸಲ ಕೂಗ್ಲೋ? ಕಿವುಡಾ ನೀನು?"

ಬೈಗುಳವಾಗಿ ಬಂದ ಮಾತು. ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದ ಕಂಪನಿಯ ಮ್ಯಾನೇಜರು ಪಕ್ಕದವರ ಕಡೆ ಬಾಗಿ ಏನೋ ಕೇಳಿದರು. ಕಂಬ ಕೀಪರನ ಕೈ ಬಿಡಿಸಿಕೊಂಡ. ಗೆರೆಯಾಚೆ ನಿಂತಿದ್ದ ಮಾವನ ಮುಖವನ್ನು ಒಮ್ಮೆ ನೋಡಿ ತನ್ನ ಜಾಗಕ್ಕೆ ನಡೆದ.

ಆಸ್ಪತ್ರೆಯವರು ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಇಳಿಸಿ ಎಂದು ಅವರು ಗೋಗರೆದರೂ ಯಾರೂ ಕೇಳಲಿಲ್ಲ.

ವಾರ ತುಂಬುವುದರೊಳಗೆ ಕಂಪನಿ ಅವನನ್ನು ಕಿವಿ ಪರೀಕ್ಷೆಗೆ ಕಳಿಸಿತು. ಒಂದು ಕಿವಿ ಕೇಳದವನನ್ನು ಗಾಡಿಯ ಮೇಲೆ ಕೂರಿಸಲಾಗದು, ಮುಚ್ಚಿಟ್ಟು ಕೆಲಸಕ್ಕೆ ಸೇರಿದವನನ್ನು ಇಟ್ಟುಕೊಳ್ಳಲೂ ಆಗದು ಎಂದಿತು. ಕೆಲಸ ಹೋಯಿತು, ಅದರ ಜೊತೆ ಆಟವೂ.

ಮೇಷ್ಟ್ರು ಎಷ್ಟೋ ದಿನ ಅಕ್ಕನ ಮನೆಯ ಬೀದಿಯ ತನಕ ಹೋಗಿ ತಿರುಗಿ ಬಂದರು. ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ಗಟ್ಟಿಮನಸ್ಸು ಮಾಡಿ, ಹೇಳಿಬಿಡಬೇಕೆಂದೇ ಹೋದರು. ಅಕ್ಕ ಬಾಗಿಲು ತೆಗೆದವಳೇ ಅವರ ಕೈ ಹಿಡಿದುಕೊಂಡು ಬಿಕ್ಕಿದಳು.

"ಎಲ್ಲಾ ನನ್ನಿಂದಲೇ ಕಣೋ. ಅವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ರೆ ಇವತ್ತು ಹೀಗಾಗ್ತಿತ್ತಾ? ನೀನೊಬ್ಬ ಇದ್ದೆ, ಅವನನ್ನ ಮನುಷ್ಯನಾಗಿ ಮಾಡಿದೆ. ನಾನು ಹೆತ್ತು ಹಾಳು ಮಾಡಿದೆ."

ಅವಳು ಕಣ್ಣೊರೆಸಿಕೊಂಡು ಒಲೆಯ ಕಡೆ ಹೋದಳು. ಕಂಬ ಗೋಡೆಗೊರಗಿ ನೆಲದ ಮೇಲೆ ಕೂತಿದ್ದ. ಮೇಷ್ಟ್ರು ಅವನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಮಗಾ, ಅವತ್ತು..."

"ಗೊತ್ತು ಮಾವ."

"ನಾನೇ ಹೇಳಿಕೊಟ್ಟೆ."

"ಎರಡನೇ ಗೋಲಿಗೇ ಗೊತ್ತಾಯ್ತು. ಅಲ್ಲಿಂದ ಬರಬೇಕು ಅಂತ ನಿಮ್ಮನ್ನ ಬಿಟ್ಟು ಯಾರಿಗೆ ಗೊತ್ತು?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅಕ್ಕನಿಗೆ ಹೇಳಿಬಿಡ್ತೀನಿ. ಪಾಪ, ತನ್ನ ತಪ್ಪು ಅಂದ್ಕೊಂಡಿದ್ದಾಳೆ."

"ಬೇಡ." ಅವನು ಅಡುಗೆಮನೆಯ ಕಡೆ ನೋಡಿದ. "ತನ್ನ ತಪ್ಪು ಅಂತ ಅವಳು ಮೊದಲಿಂದಲೂ ಅಂದ್ಕೊಂಡೇ ಬದುಕಿದ್ದಾಳೆ, ಅದು ಅವಳಿಗೆ ಅಭ್ಯಾಸ ಆಗಿದೆ. ನೀವು ಹೀಗೆ ಮಾಡಿದ್ರಿ ಅಂತ ಗೊತ್ತಾದ್ರೆ ಅವಳು ಉಳಿಯಲ್ಲ. ಅವಳಿಗೆ ಅಂತ ಇರೋದು ನೀವೊಬ್ಬರೇ. ಹೇಳಬೇಡಿ ಮಾವ."

ಮೇಷ್ಟ್ರು ಬಾಯಿ ತೆರೆದರು. ಅವನು ತಲೆಯಾಡಿಸಿ ಬೇಡವೆಂದ. ಒಳಗಿಂದ ಅಕ್ಕ ಊಟಕ್ಕೆ ಕರೆದಳು. ತಮ್ಮನ ತಟ್ಟೆಗೇ ಮೊದಲು ಬಡಿಸಿದಳು. ಮೇಷ್ಟ್ರು ಕೈತೊಳೆದುಕೊಂಡು ಬಂದು ಕೂತು, ಅವಳು ಬಡಿಸಿದ್ದನ್ನೆಲ್ಲ ತಿಂದರು.